ಮಾವನ ಮುಕ್ತಾಯ ಪ್ರಾರ್ಥನೆ

ಭಾವನವರಿಗೆ ನಾನು ಮಾಡಿದ್ದನ್ನು ಯಾರೂ ತಪ್ಪು ಎನ್ನುವ ಹಾಗಿಲ್ಲ. ನಾನು ಮಾಡಿಸಿದ್ದು ಪ್ರಾರ್ಥನೆ. ಪ್ರಾರ್ಥನೆ ಮಾಡಿಸಿದಳು ಅಂತ ಯಾವ ಸಭೆಯಲ್ಲಿ ಹೋಗಿ ದೂರು ಹೇಳಿಕೊಳ್ಳುತ್ತಾರೆ? ಹೇಳಿಕೊಳ್ಳಲಿ, ನಾನೂ ನೋಡುತ್ತೇನೆ. ನನ್ನ ಮಗಳ ಮಾನವನ್ನು ಅಷ್ಟು ಜನರ ಮುಂದೆ ಹರಾಜಿಗಿಟ್ಟ ಮನುಷ್ಯನಿಗೆ ಸಂಕಟ ಅಂದರೆ ಏನೆಂದು ಗೊತ್ತಾಗಲೇಬೇಕಿತ್ತು.

ನಮ್ಮದು ಎರಡು ಅಂತಸ್ತಿನ, ಒಂದೇ ಅಡುಗೆಮನೆಯ ಮನೆ. ಕೆಳಗೆ ಮಾವ, ಅತ್ತೆ, ನಾನು, ನನ್ನ ಗಂಡ, ನಮ್ಮ ಒಬ್ಬಳೇ ಮಗಳು. ಮಹಡಿಯಲ್ಲಿ ನನ್ನ ಗಂಡನ ಅಣ್ಣ, ಅಂದರೆ ಭಾವ, ಮತ್ತು ಅವರ ಹೆಂಡತಿ. ಓರಗಿತ್ತಿಗೆ ಮಂಡಿನೋವು. ಅಡುಗೆಯ ಹೊತ್ತಿಗೆ ಸರಿಯಾಗಿ ಬಂದು, ಊಟದ ಹೊತ್ತಿಗೆ ಸರಿಯಾಗಿ ಹೋಗುವ ನೋವು ಅದು. ಹಾಗಾಗಿ ಏಳು ಜನರ ಒಲೆ ನನ್ನ ತಲೆಗೇ ಕಟ್ಟಿತು. ಬೆಳಿಗ್ಗೆ ಬ್ರೆಡ್ಡು ಮೊಟ್ಟೆ ಮಾಡಿಟ್ಟು ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಗೆ ಓಡುತ್ತೇನೆ. ಇಡೀ ದಿನ ಕಾಲರು, ಕಾಜಾ, ಗುಂಡಿ. ಸಂಜೆ ಬಂದರೆ ಮತ್ತೆ ಅದೇ ಒಲೆ.

ಮಾವ ಗಾರೆ ಕೆಲಸದವರು. ಈ ಮನೆಯನ್ನು ಕಟ್ಟಿದವರೂ ಅವರೇ, ಬೀದಿಯ ಕೊನೆಯಲ್ಲಿರುವ ನಮ್ಮ ಪ್ರಾರ್ಥನಾಮಂದಿರವನ್ನು ಇಟ್ಟಿಗೆ ಇಟ್ಟಿಗೆ ಸೇರಿಸಿ ಎಬ್ಬಿಸಿದವರೂ ಅವರೇ. ಈಗ ಕಾಲು ಸೋತಿದೆ. ನಿಲ್ಲಬೇಕೆಂದರೆ ಯಾರಾದರೂ ಪಕ್ಕದಲ್ಲಿ ಮೊಣಕೈ ಹಿಡಿದುಕೊಳ್ಳಬೇಕು. ಮೊದಲಿನಿಂದಲೂ ಆ ಕೆಲಸ ನನ್ನ ಮಗಳದು. ಆದರೆ ಬಾಯಿ ಸೋತಿಲ್ಲ. ಊಟದ ಮುಂಚೆ ಮಾವ ಕಣ್ಣು ಮುಚ್ಚಿ ಶುರು ಮಾಡಿದರೆಂದರೆ ಸೂಪು ಆರಿ ನೀರಾಗುತ್ತದೆ. ನಮ್ಮ ವಿಶ್ವಾಸಿಗಳಲ್ಲಿ ಒಂದು ಕಟ್ಟುನಿಟ್ಟು ಇದೆ: ಒಬ್ಬರು ಪ್ರಾರ್ಥನೆ ಮಾಡುತ್ತಿರುವಾಗ ಕಣ್ಣು ತೆರೆಯಬಾರದು, ಎದ್ದು ಹೋಗಬಾರದು, ನಡುವೆ ಬಾಯಿ ಹಾಕಬಾರದು. ದೇವರ ಜೊತೆ ಮಾತಾಡುತ್ತಿರುವವರನ್ನು ತಡೆಯಲು ನಾವು ಯಾರು? ಒಮ್ಮೆ ಒಲೆಯ ಮೇಲೆ ಆಲೂಗಡ್ಡೆ ತಳ ಹತ್ತಿ ಹೊಗೆ ಮೇಜಿನವರೆಗೆ ಬಂದರೂ ಒಬ್ಬರೂ ಅಲ್ಲಾಡಲಿಲ್ಲ. ಮಾವ ಆ ವಾಸನೆಗೂ ಒಂದು ಸ್ತೋತ್ರ ಸಲ್ಲಿಸಿ ಮುಂದುವರಿದರು.

ರಾಜಕೀಯ ಅಂದರೆ ಮಾವನಿಗೆ ಆಗದು. ಬದುಕಿನಲ್ಲಿ ಒಂದು ಸಲವೂ ಓಟು ಹಾಕಿದವರಲ್ಲ. ನಮ್ಮ ಸ್ವಂತ ಊರು ಮೇಲಿದೆ, ಇಲ್ಲಿ ನಾವು ಬಾಡಿಗೆಗಿದ್ದೇವೆ, ಬಾಡಿಗೆಯವರು ಮನೆ ಮಾಲೀಕನನ್ನು ಆರಿಸುವುದಿಲ್ಲ ಎನ್ನುತ್ತಿದ್ದರು. ಅವರ ಕಾಲದಲ್ಲಿ ನಮ್ಮ ಮಂದಿರದ ಸಭೆಯ ಯಾರೂ ಮತಗಟ್ಟೆಯ ಕಡೆ ತಲೆ ಹಾಕಿ ಮಲಗಿದವರಲ್ಲ. ಅತ್ತೆಯದು ಬೇರೆ ದಾರಿ. ಅಧಿಕಾರದಲ್ಲಿ ಯಾರಿದ್ದರೂ ಅವರ ಹೆಸರು ಹೇಳಿ ಪ್ರಾರ್ಥಿಸುತ್ತಾರೆ, ವಿರೋಧ ಪಕ್ಷದವರನ್ನೂ ಬಿಡುವುದಿಲ್ಲ. ಯಾರು ಬಂದರೂ ಅವರ ಬುದ್ಧಿ ನೆಟ್ಟಗಿರಲಿ ಅಂತ ತಾವು ಬೇಡಿಕೊಳ್ಳಲೇಬೇಕು, ಕೆಲವರ ವಿಷಯದಲ್ಲಿ ಕೆಲಸ ಸ್ವಲ್ಪ ಜಾಸ್ತಿ, ಅಷ್ಟೇ ವ್ಯತ್ಯಾಸ ಎನ್ನುತ್ತಾರೆ. ನನ್ನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಪ್ರತಿ ಸಲ ಬೆಳಿಗ್ಗೆಯೇ ಹೋಗಿ ಓಟು ಹಾಕಿ ಬರುತ್ತಾರೆ, ಯಾರಿಗೆ ಅಂತ ಕಟ್ಟಿಕೊಂಡ ಹೆಂಡತಿಗೂ ಹೇಳುವುದಿಲ್ಲ. ನನಗೋ, ಯಾವ ಪಕ್ಷ ಬಂದರೂ ಹೊಲಿಗೆ ಯಂತ್ರ ತುಳಿಯುವುದು ತಪ್ಪುವುದಿಲ್ಲ ಎಂಬಷ್ಟೇ ಗೊತ್ತಿತ್ತು.

ಇದೆಲ್ಲ ಕೆಟ್ಟಿದ್ದು ಹೊಸ ಪಾಸ್ಟರು ಬಂದ ಮೇಲೆ. ವಯಸ್ಸು ಚಿಕ್ಕದು, ದನಿ ದೊಡ್ಡದು. ದೇಶವನ್ನೇ ದೇವರಿಗೆ ಗೆದ್ದುಕೊಡಬೇಕು, ಸುಮ್ಮನೆ ಕೂತ ವಿಶ್ವಾಸಿ ಅರ್ಧ ವಿಶ್ವಾಸಿ ಎಂದು ಬೋಧಿಸಿದರು. ಸಭೆಯಲ್ಲಿ ಪ್ರಾರ್ಥನೆಗಳು ಚುಟುಕಾಗಿರಬೇಕೆಂಬ ಹೊಸ ನಿಯಮವೂ ಬಂತು. ಅದು ಯಾರನ್ನು ನೋಡಿ ಮಾಡಿದ ನಿಯಮ ಅಂತ ಎಲ್ಲರಿಗೂ ಗೊತ್ತಿತ್ತು. ಅಂದಿನಿಂದ ಮಾವ ತಾವೇ ಕಟ್ಟಿದ ಮಂದಿರದ ಮೊದಲ ಸಾಲಿನಲ್ಲಿ ಬಾಯಿ ಹೊಲಿದುಕೊಂಡವರ ಹಾಗೆ ಕೂರತೊಡಗಿದರು.

ಪಾಸ್ಟರ ಬಲಗೈ ನಮ್ಮ ಭಾವ. ಅವರದು ಟೈರಿನ ಅಂಗಡಿ. ರಾಷ್ಟ್ರದ ಚುನಾವಣೆ ಘೋಷಣೆಯಾದ ವಾರವೇ ಸಭೆಯ ಚುನಾವಣಾ ಹೊಣೆ ಅವರ ಹೆಗಲಿಗೇರಿತು. ದೇವರನ್ನು ಬಾಯಿ ತುಂಬ ಹೊಗಳುವ ಒಬ್ಬ ನಾಯಕ, ಅವನ ಪಕ್ಷ. ಆ ಪಕ್ಷದ ಕಚೇರಿಗೆ ಹೋಗಿ ಭಾವ ಮಾತು ಕೊಟ್ಟು ಬಂದರು, ನಮ್ಮ ಸಭೆಯ ಓಟು ಒಂದೂ ಚೆದುರದೆ ಒಂದೇ ಗಂಟಿನಲ್ಲಿ ಬರುತ್ತದೆ ಅಂತ. ಬದಲಿಗೆ ಪಕ್ಷದ ರಾಷ್ಟ್ರೀಯ ಸಮಿತಿಯಲ್ಲಿ ವಿಶ್ವಾಸಿಗಳ ಪ್ರತಿನಿಧಿ ಅಂತ ಒಂದು ಕುರ್ಚಿ. ಆ ಕುರ್ಚಿ ಸಿಗುವ ಮೊದಲೇ ಅದರ ಮೇಲೆ ಕೂತವರ ಹಾಗೆ ನಡೆಯತೊಡಗಿದರು. ಪಕ್ಷದ ಬಾವುಟ ಹೊಲಿಯುವ ಕೆಲಸ ನನಗೆ ಬಿತ್ತು. ಕಾರ್ಖಾನೆಯಿಂದ ಬಂದು, ಪಾತ್ರೆ ತೊಳೆದು, ಅದನ್ನೂ ಹೊಲಿದೆ. ಮನೆಯ ಹಿರಿಯ ಮಗ ಕೇಳಿದ್ದು, ಇಲ್ಲ ಅನ್ನಲಿಲ್ಲ.

ನನ್ನ ಮಗಳು ದೊಡ್ಡಾಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯುವವಳು, ಕೊನೆಯ ವರ್ಷ. ಡಿಪೋದ ಹಿಂದಿನ ಹಳೆ ಗೋದಾಮಿನಲ್ಲಿ, ಅದರ ಅಂಗಳದ ಡೇರೆಗಳಲ್ಲಿ ಗಡಿಯಾಚೆಯಿಂದ ಓಡಿಬಂದವರ ಶಿಬಿರ ಇತ್ತು. ಹೆಂಗಸರು, ಮಕ್ಕಳು, ಮುದುಕರು. ಡ್ಯೂಟಿ ಮುಗಿದ ಮೇಲೆ ಅಲ್ಲಿಗೆ ಹೋಗಿ ಗಾಯ ತೊಳೆಯುವುದು, ಜ್ವರ ನೋಡುವುದು ಮಾಡುತ್ತಿದ್ದಳು. ಭಾವನ ನಾಯಕ, ತಾನು ಗೆದ್ದರೆ ಮೊದಲ ಕೆಲಸವೇ ಇಂಥ ಶಿಬಿರಗಳನ್ನು ಮುಚ್ಚಿಸುವುದು ಅಂತ ಹೇಳಿಕೊಂಡಿದ್ದ. ಎದುರು ಪಕ್ಷದವರು ಉಳಿಸುತ್ತೇವೆ ಎಂದಿದ್ದರು. ಹಾಗಾಗಿ ಮಗಳು ಅವರ ಪ್ರಚಾರ ಸಭೆಗಳಿಗೆ ಹೋದಳು, ಮುಚ್ಚುಮರೆ ಮಾಡಲಿಲ್ಲ.

ಒಂದು ಸಂಜೆ ಊಟಕ್ಕೆ ಕೂತಾಗ ದೊಡ್ಡಪ್ಪನಿಗೂ ಅವಳಿಗೂ ಹತ್ತಿಕೊಂಡಿತು.

"ದೇಶ ದೇವರ ಕಡೆ ತಿರುಗಬೇಕು. ಅದಕ್ಕೆ ಸ್ವಲ್ಪ ಗಟ್ಟಿ ಕೈ ಬೇಕು. ನಿನ್ನಂಥ ಚಿಕ್ಕವರಿಗೆ ಅರ್ಥ ಆಗಲ್ಲ," ಎಂದರು ಭಾವ.

"ಆ ಗೋದಾಮಲ್ಲಿ ಹಾಲಿಲ್ಲದೆ ಮಕ್ಕಳು ಅಳ್ತಿದಾವೆ ದೊಡ್ಡಪ್ಪ. ಅವರನ್ನ ಬೀದಿಗೆ ಹಾಕೋ ಕೈ ದೇವರದು ಅಂತ ನಾನು ಹೇಗೆ ನಂಬಲಿ?"

"ಓದಿಸಿದ್ದು ಜಾಸ್ತಿ ಆಯ್ತು," ಎಂದು ಭಾವ ನನ್ನ ಗಂಡನ ಮುಖ ನೋಡಿದರು. ನನ್ನ ಗಂಡ ಬ್ರೆಡ್ಡು ಮುರಿಯುತ್ತ ಕೂತರು. ಅವರು ಹಾಗೇ, ನಟ್ಟು ಬೋಲ್ಟಿನ ಹತ್ತಿರ ಮಾತ್ರ ಜೋರು. ಓರಗಿತ್ತಿ ಇನ್ನೊಂದು ಮೊಟ್ಟೆ ಇದೆಯಾ ಎಂದು ಕೇಳಿದಳು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆ ವಾರದ ಪ್ರಾರ್ಥನಾ ಕೂಟದಲ್ಲಿ ಭಾವ ಎದ್ದು ನಿಂತರು. ನಮ್ಮಲ್ಲಿ ಕಷ್ಟ ಇರುವವರು ಎದ್ದು ಪ್ರಾರ್ಥನಾ ವಿಷಯ ಹೇಳುವ ಪದ್ಧತಿ. ಕಾಯಿಲೆ, ಕೆಲಸ, ಮಕ್ಕಳ ಪರೀಕ್ಷೆ, ಹೀಗೆ. ಭಾವ ಮೈಕು ಹಿಡಿದು ಗಂಟಲು ಸರಿಮಾಡಿಕೊಂಡರು.

"ನಮ್ಮ ಮನೇದೇ ಒಂದು ಮರಿ ದಾರಿ ತಪ್ಪಿದೆ. ಶಿಬಿರದ ಡೇರೆ ಒಳಗೆ, ಕತ್ತಲಾದ ಮೇಲೆ, ಗಂಡಸಿನ ಜೊತೆ ಕಂಡವರಿದ್ದಾರೆ. ನನ್ನ ತಮ್ಮನ ಮಗಳು. ಹೇಳೋಕೆ ನಾಲಿಗೆ ಬರ್ತಿಲ್ಲ. ದಯವಿಟ್ಟು ಅವಳಿಗಾಗಿ ಪ್ರಾರ್ಥನೆ ಮಾಡಿ."

ನಾಲಿಗೆ ಬರುತ್ತಿಲ್ಲವಂತೆ. ಬಾರದ ನಾಲಿಗೆಯಲ್ಲಿ ಇಷ್ಟು ಹೇಳಿದರು, ಬಂದಿದ್ದರೆ ಇನ್ನೇನು ಹೇಳುತ್ತಿದ್ದರೋ. ಸಭೆಗೆ ಸಭೆಯೇ ಕಣ್ಣು ಮುಚ್ಚಿ ನನ್ನ ಮಗಳಿಗಾಗಿ ಮೊರೆಯಿಟ್ಟಿತು. ಅವಳು ಅಜ್ಜನ ಪಕ್ಕದಲ್ಲೇ ಕೂತಿದ್ದಳು. ಡೇರೆಯಲ್ಲಿದ್ದ ಗಂಡಸು ಹಾಸಿಗೆ ಹಿಡಿದ ಮುದುಕ. ಅವನಿಗೆ ಚಮಚದಲ್ಲಿ ನೀರು ಕುಡಿಸಿ ಬಂದಿದ್ದಳು ನನ್ನ ಮಗಳು. ಅದನ್ನು ಹೇಳೋಣವೆಂದರೆ ಪ್ರಾರ್ಥನೆ ನಡೆಯುತ್ತಿದೆ, ಬಾಯಿ ಹಾಕುವ ಹಾಗಿಲ್ಲ. ಆಮೆನ್ ಆಗುವಷ್ಟರಲ್ಲಿ ಎಲ್ಲರಿಗೂ ಅದು ಸತ್ಯವಾಗಿಬಿಟ್ಟಿತ್ತು.

ಮುಂದಿನ ಭಾನುವಾರ ಹಿರಿಯರು ತೀರ್ಮಾನ ಹೇಳಿದರು. ಆ ತಿಂಗಳು ಆಗಬೇಕಿದ್ದ, ಅವಳನ್ನು ಸಭೆಗೆ ಪೂರ್ತಿ ಸೇರಿಸಿಕೊಳ್ಳುವ ದೀಕ್ಷಾಸ್ನಾನ ನಿಂತಿತು. ಸಭೆಯ ಮುಂದೆ ತಪ್ಪೊಪ್ಪಿಕೊಳ್ಳುವವರೆಗೆ ಹಿಂದಿನ ಬೆಂಚು. ಅಲ್ಲಿ ಕೂರುವವರು ಮೊಲೆಯೂಡುವ ತಾಯಂದಿರು, ಹೊಸದಾಗಿ ಬಂದವರು, ಮತ್ತು ಶಿಕ್ಷೆಗೆ ಒಳಗಾದವರು. ಮಾಡದ ತಪ್ಪನ್ನು ಒಪ್ಪಿಕೊಳ್ಳುವುದು ಹೇಗೆ? ಮಗಳು ಎದ್ದು ಹಿಂದೆ ಹೋಗಿ ಕೂತಳು. ಮನೆಗೆ ಬಂದವಳು ಎಂದಿನಂತೆ ಆಲೂಗಡ್ಡೆ ಸಿಪ್ಪೆ ತೆಗೆದುಕೊಟ್ಟಳು. ಅವಳು ಅತ್ತಿದ್ದರೆ ನನಗೆ ಎಷ್ಟೋ ವಾಸಿ ಇರುತ್ತಿತ್ತು.

ಅಂದು ಊಟಕ್ಕೆ ಬಡಿಸುವಾಗಲೇ ಕೇಳಿದೆ.

"ಭಾವ, ಭಾನುವಾರ ಎದ್ದು ನಿಂತು, ನಾನು ಕೇಳಿದ್ದು ಸುಳ್ಳು ಅಂತ ಹೇಳಿ."

"ನಾನೆಲ್ಲಮ್ಮ ಆರೋಪ ಮಾಡಿದ್ದು? ಪ್ರಾರ್ಥನೆಗೆ ಕೊಟ್ಟೆ ಅಷ್ಟೇ."

"ಕೊಡೋ ಮೊದಲು ಅವಳನ್ನ ಒಂದು ಮಾತು ಕೇಳಿದ್ರಾ?"

"ದೇವರಿಗೆ ಎಲ್ಲಾ ಗೊತ್ತು."

"ದೇವರಿಗೆ ಗೊತ್ತಿದ್ಮೇಲೆ ಮೈಕಲ್ಲಿ ಯಾಕೆ ಹೇಳಿದ್ರಿ?"

ಭಾವ ತಟ್ಟೆ ಸರಿಸಿ ಎದ್ದರು. ಪ್ರಾರ್ಥನೆ ಕೇಳಿದ್ದೇ ತಪ್ಪಾದರೆ ಇನ್ನು ಈ ಮನೆಯಲ್ಲಿ ದೇವರ ಹೆಸರು ಎತ್ತುವುದೇ ಬೇಡ ಬಿಡಿ ಎಂದು ಮೆಟ್ಟಿಲು ಹತ್ತಿದರು. ಸೂಪನ್ನು ಮಾತ್ರ ಪೂರ್ತಿ ಮುಗಿಸಿದ್ದರು. ಅತ್ತೆ ನನಗೆ ಸಮಾಧಾನ ಹೇಳಲು ಬಂದರು. ನನ್ನ ಗಂಡ ದೇವರಿಗೆ ಬಿಡು ಎಂದರು. ನಿಮ್ಮ ಅಣ್ಣ ಯಾಕೆ ಬಿಡಲಿಲ್ಲ ಎಂದು ಕೇಳಿದ್ದಕ್ಕೆ ಎದ್ದು ಕೈ ತೊಳೆಯಲು ಹೋದರು.

ಅವತ್ತಿನಿಂದ ಹಗೆ ಸಾಧಿಸುವುದೇ ನನ್ನ ಕಸುಬಾಯಿತು. ಮೊದಮೊದಲು ಎಲ್ಲ ಚಿಲ್ಲರೆ. ಭಾವನ ಪಾಲಿನ ಮೊಟ್ಟೆ ದಿನವೂ ಒಡೆಯಿತು. ಚಹಾ ಸೋಸುವಾಗ ಕೊನೆಯ ಗಸಿ ಅವರ ಲೋಟಕ್ಕೇ ಬಿತ್ತು. ಅವರ ಅಂಗಿಗಳ ಗುಂಡಿಗಳು ಒಂದೊಂದಾಗಿ ಕಳಚಿದವು, ಹಾಕಿಕೊಡಲು ನನಗೆ ಪುರುಸೊತ್ತಾಗಲಿಲ್ಲ. ಬಾವುಟಗಳಿಗೆ ದೂರದೂರದ ಹೊಲಿಗೆ ಹಾಕಿದೆ. ಮೊದಲ ಗಾಳಿಗೇ ಅರ್ಧ ಹಾರಿ ಚರಂಡಿ ಸೇರಿದವು. ಕಾರ್ಖಾನೆಯಲ್ಲಿ ಪಕ್ಕದ ಯಂತ್ರದವಳು, ಏನು ಹಲ್ಲು ಕಡಿಯುತ್ತೀಯ, ಸೂಜಿಯ ಸದ್ದಿಗಿಂತ ಜೋರಾಗಿ ಕೇಳುತ್ತೆ ಎಂದು ನಕ್ಕಳು. ಆದರೆ ಒಡೆದ ಮೊಟ್ಟೆಯಿಂದ ಯಾರ ಹೊಟ್ಟೆ ತಣ್ಣಗಾಗುತ್ತದೆ? ನನ್ನ ಮಗಳು ಕೂತ ಜಾಗದಲ್ಲಿ ಆ ಮನುಷ್ಯ ತಲೆ ತಗ್ಗಿಸಿ ಕೂರುವುದನ್ನು ನಾನು ನೋಡಬೇಕಿತ್ತು.

ಮಗಳಿಗೆ ನನ್ನ ಉರಿ ಅರ್ಥವಾಗುತ್ತಿತ್ತು. ಬಿಟ್ಟುಬಿಡಮ್ಮ, ನಾನು ಅಲ್ಲಿ ಚೆನ್ನಾಗೇ ಇದ್ದೇನೆ ಎಂದು ಎರಡು ಸಲ ಹೇಳಿದಳು. ಹಿಂದಿನ ಬೆಂಚಿನ ತಾಯಂದಿರ ಕೂಸುಗಳನ್ನು ಎತ್ತಿಕೊಳ್ಳುತ್ತಿದ್ದಳು, ಅವರ ಜೊತೆ ಪಿಸುಗುಟ್ಟುತ್ತಿದ್ದಳು. ಕೆಲವರು ಅವಳ ಜೊತೆ ಶಿಬಿರಕ್ಕೂ ಹಳೆ ಬಟ್ಟೆ ಹಿಡಿದು ಹೋಗಿಬಂದರಂತೆ. ನಾನು ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆತ್ತ ತಾಯಿಗೆ ನೋವಾಗಬಾರದು ಅಂತ ನಗುತ್ತಿದ್ದಾಳೆ ಅಂದುಕೊಂಡು ಇನ್ನಷ್ಟು ಉರಿದೆ.

ಮತದಾನದ ಹಿಂದಿನ ವಾರ ಭಾವ ಮೇಜಿನ ಮುಂದೆ ತಮ್ಮ ಯೋಜನೆ ಬಿಚ್ಚಿದರು. ಯಾರೂ ಒಬ್ಬೊಬ್ಬರೇ ಹೋಗಿ ಓಟು ಹಾಕಬಾರದು. ಮಧ್ಯಾಹ್ನದಿಂದ ಮಂದಿರದಲ್ಲಿ ಉಪವಾಸ ಪ್ರಾರ್ಥನೆ. ಎಲ್ಲರಿಗೂ ಬಿಳಿ ಬಟ್ಟೆ. ಸಂಜೆಗೆ ಮುಗಿಸಿ, ಬಾವುಟ ಕಟ್ಟಿದ ಎರಡು ಬಸ್ಸುಗಳಲ್ಲಿ ಇಡೀ ಸಭೆ ಒಟ್ಟಿಗೆ ಮತಗಟ್ಟೆಗೆ. ಮಂದಿರದ ಬಾಗಿಲಲ್ಲಿ ಪಕ್ಷದವರು, ಪತ್ರಿಕೆಯವರು ಫೋಟೋ ತೆಗೆಯುತ್ತಾರೆ. ಇಡೀ ದೇಶಕ್ಕೇ ಗೊತ್ತಾಗಬೇಕು ನಮ್ಮ ಒಗ್ಗಟ್ಟು ಎಂದರು.

"ಮತಗಟ್ಟೆ ಎಷ್ಟೊತ್ತಿಗೆ ಮುಚ್ಚುತ್ತೆ ಭಾವ?" ಎಂದು ಕೇಳಿದೆ, ಅವರ ತಟ್ಟೆಗೆ ಬ್ರೆಡ್ಡು ಹಾಕುತ್ತ.

"ಆರಕ್ಕೆ. ನಾವು ಐದು ಗಂಟೆಗೆಲ್ಲ ಹೊರಟಿರ್ತೀವಿ."

ಅವತ್ತು ಅವರಿಗೆ ಒಡೆಯದ ಮೊಟ್ಟೆ ಬಡಿಸಿದೆ.

ಮಾರನೇ ದಿನ ಸಂಜೆ ಮಾವನ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಉಜ್ಜುತ್ತ ಮಾತು ತೆಗೆದೆ. ಎಷ್ಟು ದಿನ ಆಯಿತು ನೀವು ಸಭೆಯಲ್ಲಿ ಬಾಯಿ ಬಿಟ್ಟು ಅಂದೆ.

"ಚುನಾವಣೆ ದಿನ ಮುಕ್ತಾಯ ಪ್ರಾರ್ಥನೆ ನೀವೇ ಮಾಡಬೇಕು ಮಾವ."

"ನನ್ನ ಪ್ರಾರ್ಥನೆ ಈಗ ಯಾರಿಗೆ ಬೇಕಮ್ಮ? ಉದ್ದ ಅಂತಾರೆ."

"ನೀವು ಕಟ್ಟಿದ ಮಂದಿರ. ನೀವು ಎದ್ದು ನಿಂತ್ರೆ ಕೂರಿಸೋ ಧೈರ್ಯ ಯಾರಿಗಿದೆ? ದೇಶಕ್ಕಾಗಿ ಮಾಡಿ. ಯಾರನ್ನೂ ಬಿಡಬೇಡಿ. ಆತುರ ಮಾಡ್ಬೇಡಿ."

ಮಾವ ಕಾಲನ್ನು ಬಕೆಟ್ಟಿನಿಂದ ಎತ್ತಿ ಒರೆಸಲು ನನ್ನ ಕಡೆ ಚಾಚಿದರು. ಆಮೇಲೆ, ಓಟು ಹಾಕೋದಕ್ಕೆ ನನ್ನ ಒಪ್ಪಿಗೆ ಇಲ್ಲ, ಪ್ರಾರ್ಥನೆಗೆ ಇದೆ ಎಂದರು. ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಕಳೆ ಬಂದಿತ್ತು. ಒಂದು ಮುದಿ ಜೀವವನ್ನು ಸಂತೋಷಪಡಿಸಿದ ಪುಣ್ಯವೂ ನನಗೇ ಬಂತು ಅಂದುಕೊಂಡೆ.

ಆ ದಿನ ಬಂತು. ನನ್ನ ಗಂಡ ಎಂದಿನಂತೆ ಬೆಳಿಗ್ಗೆಯೇ ಓಟು ಹಾಕಿ ಡಿಪೋಗೆ ಹೋದರು. ಸಭೆಯ ಕಟ್ಟಳೆ ಅವರಿಗೆ ಕೇಳಿಸಲೇ ಇಲ್ಲವಂತೆ. ಮಂದಿರದಲ್ಲಿ ಕಾಲಿಡಲು ಜಾಗವಿರಲಿಲ್ಲ, ಎಲ್ಲೆಲ್ಲೂ ಬಿಳಿ. ಮಗಳು ಆಸ್ಪತ್ರೆಯ ಡ್ಯೂಟಿ ಮುಗಿಸಿ ನೇರ ಅಲ್ಲಿಗೇ ಬಂದಳು. ದಾರಿಯಲ್ಲಿ ತನ್ನ ಓಟು ಹಾಕಿಯೇ ಬಂದಿರುತ್ತಾಳೆ, ಅವಳು ದೊಡ್ಡಪ್ಪನ ಬಸ್ಸು ಹತ್ತುವವಳೇ ಅಂತ ನಾನು ಕೇಳಲೂ ಇಲ್ಲ. ಅಜ್ಜ ನಿಲ್ಲಬೇಕಾಗಬಹುದು, ಹಿಡಿದುಕೋ ಎಂದು ಮುಂದೆ ಕಳುಹಿಸಿದೆ.

ಹಾಡು, ಬೋಧನೆ, ಮೊರೆ ಎಲ್ಲ ಆದವು. ಹೊರಗೆ ಬಸ್ಸಿನವರು ಹಾರ್ನು ಒತ್ತಿದರು. ಭಾವ ಎದ್ದು, ಪಾಸ್ಟರು ಎರಡು ಮಾತಲ್ಲಿ ಮುಗಿಸುತ್ತಾರೆ ಎನ್ನುವಷ್ಟರಲ್ಲಿ ಮಾವ ಮೊಮ್ಮಗಳ ಕೈ ಹಿಡಿದು ಎದ್ದು ನಿಂತರು.

"ಪ್ರಾರ್ಥಿಸೋಣ," ಎಂದರು.

ಅಷ್ಟೇ. ಇಡೀ ಸಭೆ ಮಂಡಿಯೂರಿತು, ಕಣ್ಣು ಮುಚ್ಚಿತು. ಪಾಸ್ಟರು ತೆರೆದ ಬಾಯಿಯನ್ನು ಮುಚ್ಚಿಕೊಂಡರು.

ಎಂಥ ಪ್ರಾರ್ಥನೆ ಅದು. ಬೆಳಕು ಹುಟ್ಟಿದಲ್ಲಿಂದ ಶುರುವಾಯಿತು. ಸಮುದ್ರಕ್ಕೆ ಬಂದರು, ಬೆಟ್ಟಕ್ಕೆ ಬಂದರು, ಹಳೆಯ ಕಾಲದ ಅರಸರನ್ನು ಒಬ್ಬೊಬ್ಬರಾಗಿ ನೆನೆದರು. ಮಂದಿರಕ್ಕೆ ಇಟ್ಟಿಗೆ ಹೊತ್ತವರು, ನೀರು ಹಾಕಿದವರು, ತೀರಿಕೊಂಡವರು, ಅವರ ಮಕ್ಕಳು, ಮೊಮ್ಮಕ್ಕಳು. ಹಾಸಿಗೆ ಹಿಡಿದವರು, ಕೆಲಸ ಕಳೆದುಕೊಂಡವರು, ಸೆರೆಮನೆಯಲ್ಲಿರುವವರು. ಬಸ್ಸು ಮತ್ತೆ ಹಾರ್ನು ಹೊಡೆಯಿತು; ಮಾವ ಬಸ್ಸು ಓಡಿಸುವವರಿಗಾಗಿಯೂ ಬೇಡಿಕೊಂಡರು. ನಾನು ಕಣ್ಣು ಮುಚ್ಚಿರಲಿಲ್ಲ. ಯಾಕೆ ಮುಚ್ಚಲಿ? ಇದನ್ನು ನೋಡಲೆಂದೇ ಬಂದಿದ್ದೆ. ಭಾವನ ಕತ್ತಿನಿಂದ ಬೆವರು ಇಳಿದು ಬಿಳಿ ಅಂಗಿಯ ಬೆನ್ನಿಗೆ ಅಂಟುತ್ತಿತ್ತು. ಗೋಡೆಯ ಗಡಿಯಾರ ನೋಡುತ್ತಾರೆ, ಮಾವನನ್ನು ನೋಡುತ್ತಾರೆ, ಪಾಸ್ಟರನ್ನು ನೋಡುತ್ತಾರೆ. ಸನ್ನೆ ಮಾಡೋಣವೆಂದರೆ ಮಾವನ ಕಣ್ಣು ಮುಚ್ಚಿದೆ. ಕೊನೆಗೆ ತಡೆಯಲಾರದೆ ಜೋರಾಗಿ "ಆಮೆನ್" ಎಂದರು. ಮಗ ಉತ್ತೇಜನ ಕೊಟ್ಟನೆಂದು ಮಾವನ ದನಿ ಇನ್ನೂ ಏರಿತು. ನಾನು ಸೆರಗು ಬಾಯಿಗೆ ಒತ್ತಿ ಹಿಡಿದೆ, ಇಲ್ಲದಿದ್ದರೆ ನಕ್ಕುಬಿಡುತ್ತಿದ್ದೆ.

ಕಣ್ಣು ತೆರೆದಿದ್ದವಳು ನಾನೊಬ್ಬಳೇ ಅಲ್ಲ. ಅಜ್ಜನ ಮೊಣಕೈ ಹಿಡಿದು ನಿಂತಿದ್ದ ಮಗಳೂ ಗಡಿಯಾರ ನೋಡುತ್ತಿದ್ದಳು. ಹಿಂದಿನ ಬೆಂಚಿನ ಹೆಂಗಸರು ತಲೆಯೆತ್ತಿ ಅವಳನ್ನು ನೋಡುತ್ತಿದ್ದರು. ಅವಳ ಕಣ್ಣು ತುಂಬಿತ್ತು. ನಿದ್ದೆಗೆಟ್ಟಿದ್ದಾಳೆ, ಜೊತೆಗೆ ಅಜ್ಜನ ಪ್ರಾರ್ಥನೆ, ಮನಸ್ಸು ಕರಗಿರಬೇಕು ಅಂದುಕೊಂಡೆ. ಕೈ ಬಿಟ್ಟರೆ ಮುದುಕರು ಬೀಳುತ್ತಾರೆ, ಹಾಗಾಗಿ ಅವಳು ಅಲ್ಲಾಡಲಿಲ್ಲ.

ಮಾವ ಆಮೆನ್ ಎನ್ನುವಾಗ ಗಡಿಯಾರದ ಮುಳ್ಳು ಆರರ ಹತ್ತಿರ ಬಂದಿತ್ತು. ಜನ ಮಂಡಿ ನೀವಿಕೊಂಡು ಏಳುವುದು, ಮಕ್ಕಳನ್ನು ಹುಡುಕುವುದು, ಚಪ್ಪಲಿ ಹುಡುಕುವುದು. ಭಾವ ಎಲ್ಲರನ್ನೂ ಕುರಿ ಅಟ್ಟಿದ ಹಾಗೆ ಬಸ್ಸಿಗೆ ಅಟ್ಟಿದರು. ನಾನೂ ಹತ್ತಿದೆ, ಬಿಟ್ಟೇನೆಯೇ? ಮತಗಟ್ಟೆಯ ಮುಂದೆ ಇಳಿದಾಗ ಪೊಲೀಸಿನವನು ಕದ ಎಳೆದಾಗಿತ್ತು. ಭಾವ ಕೈ ಮುಗಿದರು, ಕೂಗಾಡಿದರು, ಪಕ್ಷದವರ ಹೆಸರು ಹೇಳಿದರು. ಅವನು ಸೊಪ್ಪು ಹಾಕಲಿಲ್ಲ. ಅಷ್ಟು ಬಿಳಿ ಬಟ್ಟೆಯ ಜನ ಮುಚ್ಚಿದ ಬಾಗಿಲ ಮುಂದೆ ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದನ್ನು ಹಿಂದೆಯೇ ಬಂದ ಪತ್ರಿಕೆಯವರು ಫೋಟೋ ತೆಗೆದರು. ನನ್ನ ಎದೆ ತಂಪಾಯಿತು. ಸುಳ್ಳು ಯಾಕೆ ಹೇಳಲಿ, ಅಷ್ಟು ತಂಪು ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಮನೆಗೆ ಬಂದು ಎಲ್ಲರಿಗೂ ಎರಡೆರಡು ಮೊಟ್ಟೆ ಹಾಕಿದೆ. ಭಾವ ಕೆಳಗಿಳಿಯಲಿಲ್ಲ. ಅಪ್ಪನನ್ನು ಬೈಯುವ ಹಾಗಿಲ್ಲ, ಪ್ರಾರ್ಥನೆಯನ್ನು ಹಳಿಯುವ ಹಾಗಿಲ್ಲ, ನನ್ನ ಮೇಲೆ ಸಂಶಯವಿದ್ದರೂ ಏನೆಂದು ಹೇಳುತ್ತಾರೆ? ಮಾವ ಮಾತ್ರ ಹಸಿದವರ ಹಾಗೆ ಊಟ ಮಾಡಿದರು. ಅಂಥ ಪ್ರಾರ್ಥನೆ ತಮಗೆ ಬದುಕಿನಲ್ಲೇ ದೊರೆತಿರಲಿಲ್ಲ ಎಂದರು. ಮಗಳು ತಲೆನೋವು ಎಂದು ಮಲಗಿದ್ದಳು.

ಕೆಲವು ದಿನ ಬಿಟ್ಟು ಎಣಿಕೆ ಆಯಿತು. ನಮ್ಮ ಮತಗಟ್ಟೆಯಲ್ಲಿ ಭಾವನ ಪಕ್ಷಕ್ಕೆ ಬಿದ್ದ ಓಟು ಕೈಬೆರಳಲ್ಲಿ ಎಣಿಸುವಷ್ಟು. ಪಕ್ಷದವರು ಟೈರಿನ ಅಂಗಡಿಗೇ ಬಂದು, ಗಿರಾಕಿಗಳ ಮುಂದೆಯೇ, ನಿಮ್ಮ ಗಂಟು ಎಲ್ಲಿ ಬಿದ್ದುಹೋಯಿತು ಎಂದು ಕೇಳಿ ನೀರಿಳಿಸಿ ಹೋದರು. ಸಮಿತಿಯ ಕುರ್ಚಿ ಇನ್ನೊಂದು ಸಭೆಯವನ ಪಾಲಾಯಿತು. ಪಾಸ್ಟರು ಕೈ ತೊಳೆದುಕೊಂಡರು, ಯೋಜನೆ ತಮ್ಮದಲ್ಲ ಎಂದರು. ಭಾನುವಾರ ಭಾವ ಮುಂದಿನ ಸಾಲಿಗೆ ಬರಲಿಲ್ಲ. ಹಿಂದೆ, ಕಂಬದ ಮರೆಯಲ್ಲಿ, ನೆಲ ನೋಡುತ್ತ ಕೂತರು. ನಾನು ತಿರುಗಿ ತಿರುಗಿ ನೋಡಿದೆ.

ಕ್ಷೇತ್ರ ಮಾತ್ರ ಭಾವನ ಪಕ್ಷಕ್ಕೇ ಹೋಗಿತ್ತು, ಕೂದಲೆಳೆಯ ಅಂತರದಲ್ಲಿ. ರಾಷ್ಟ್ರದಲ್ಲೂ ಅವರೇ ಗೆದ್ದರು. ಅದು ನನಗೆ ಬೇಕಿರದ ಲೆಕ್ಕ. ನನಗೆ ಬೇಕಾದದ್ದು ಸಿಕ್ಕಿತ್ತು.

ಆ ಸಂಜೆ ಮಗಳು ಪಾತ್ರೆ ಒರೆಸಿಡುತ್ತಿದ್ದಳು. ಅವಳ ದೊಡ್ಡಪ್ಪ ಹೇಗೆ ಕೂತಿದ್ದರು ಅಂತ ನಾನು ಅಣಕಿಸಿ ತೋರಿಸಿದೆ. ಅವಳು ನಗಲಿಲ್ಲ.

"ಅಮ್ಮ, ಅಜ್ಜನಿಗೆ ಪ್ರಾರ್ಥನೆ ಮಾಡು ಅಂತ ನೀನು ಹೇಳಿದ್ಯಾ?"

ನಾನು ಹೆಮ್ಮೆಯಿಂದಲೇ ಹೌದು ಎಂದೆ. ನಿನಗಾಗಿ ಎಂದೆ.

ಅವಳು ಕೈಯಲ್ಲಿದ್ದ ತಟ್ಟೆಯನ್ನು ನಿಧಾನವಾಗಿ ಕೆಳಗಿಟ್ಟಳು.

"ಹಿಂದಿನ ಬೆಂಚಿನವರು ಎಲ್ಲಾ ಶಿಬಿರ ಉಳಿಸೋ ಪಕ್ಷಕ್ಕೆ ಹಾಕೋರಿದ್ರು. ಅವರ ಗಂಡಂದಿರು, ಅತ್ತೆಯರು ಕೂಡ. ಒಬ್ಬೊಬ್ಬರನ್ನೇ ಶಿಬಿರಕ್ಕೆ ಕರ್ಕೊಂಡು ಹೋಗಿ ತೋರಿಸಿದ್ದೆ. ಅಷ್ಟು ವಾರ ಅಲ್ಲಿ ಕೂತು ನಾನು ಮಾಡಿದ್ದು ಅದೇ ಕೆಲಸ. ದೊಡ್ಡಪ್ಪನ ಬಸ್ಸಲ್ಲೇ ಹೋಗಿ ಹಾಕೋಣ, ಯಾರಿಗೂ ಸಂಶಯ ಬರಲ್ಲ ಅಂತ ಮಾತಾಡ್ಕೊಂಡಿದ್ವಿ. ನಾನೂ ಅವರ ಜೊತೆಗೇ ಹಾಕೋಣ ಅಂತ ಬೆಳಿಗ್ಗೆ ಹೋಗಲಿಲ್ಲ. ದೊಡ್ಡಪ್ಪನ ಕಡೆಯ ಓಟು ಕಳೆದ್ರೂ ನಮ್ಮ ಓಟು ಹೆಚ್ಚಿದ್ವು. ಸೋತ ಅಂತರ ಅದಕ್ಕಿಂತ ಕಡಿಮೆ ಅಮ್ಮ."

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳೋಕೆ ಬಂದೆ. ನೀನು ದೊಡ್ಡಪ್ಪನ ಮೊಟ್ಟೆ ಒಡೀತಿದ್ದೆ."

ಅವಳು ಕೂಗಾಡಲಿಲ್ಲ. ಉಳಿದ ತಟ್ಟೆಗಳನ್ನೂ ಒರೆಸಿ ಜೋಡಿಸಿ ಹೋದಳು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಬೈಯುವುದು ನನಗೆ ಬರುತ್ತದೆ. ಬರದಿದ್ದದ್ದು ಅವಳ ಹಿಂದೆ ಹೋಗಿ ಬಾಗಿಲು ತಟ್ಟುವುದು.

ಹೊಸ ಸರ್ಕಾರ ಕೂತ ಕೂಡಲೇ ಗೋದಾಮಿಗೆ ನೋಟೀಸು ಬಂತು. ಅಲ್ಲಿಯವರನ್ನು ಬಸ್ಸುಗಳಲ್ಲಿ ತುಂಬಿ ದೂರದ ಬಯಲಿನ ಬೇಲಿಯೊಳಗೆ ಸಾಗಿಸುವುದಂತೆ. ಜೊತೆಗೆ ಹೋಗಲು ನರ್ಸುಗಳು ಬೇಕು ಎಂದಿದ್ದಕ್ಕೆ, ಪರೀಕ್ಷೆ ಮುಗಿಸಿದ್ದ ಮಗಳು ಹೆಸರು ಕೊಟ್ಟು ಬಂದಳು. ಎಷ್ಟು ದಿನ ಎಂದು ಅವಳ ಅಪ್ಪ ಕೇಳಿದರು. ಅವರು ಇರೋವರೆಗೂ ಎಂದಳು. ದೀಕ್ಷಾಸ್ನಾನದ ಮಾತು ಅತ್ತೆ ಎತ್ತಿದ್ದಕ್ಕೆ, ಅಲ್ಲಿ ಹತ್ತಿರದಲ್ಲಿ ಯಾವುದಾದರೂ ಸಭೆ ಇರುತ್ತದೆ ಬಿಡಜ್ಜಿ ಎಂದಳು.

ಹೊರಡುವ ದಿನ ಶಿಬಿರದ ಬಸ್ಸು ನಮ್ಮ ಗೇಟಿನ ಮುಂದೆಯೇ ನಿಂತಿತು. ಕಿಟಕಿಗಳ ತುಂಬ ಮಕ್ಕಳ ಮುಖ. ಮಾವನನ್ನು ಕುರ್ಚಿ ಸಮೇತ ಹೊರಗೆ ತಂದು ಕೂರಿಸಿದೆವು. ನಾನು ರಾತ್ರಿಯೇ ಮಾಡಿಟ್ಟಿದ್ದ ಬ್ರೆಡ್ಡಿನ ಗಂಟನ್ನು ಕೊಟ್ಟೆ. ಅದನ್ನು ತೆಗೆದುಕೊಂಡಳು, ಒಳಗಿದ್ದ ಮಕ್ಕಳಿಗೆ ದಾಟಿಸಿದಳು. ಅಜ್ಜನ ಕೈ ಹಿಡಿದು ಸ್ವಲ್ಪ ಹೊತ್ತು ನಿಂತು ಬಸ್ಸು ಹತ್ತಿದಳು. ಬಸ್ಸು ಹೊರಟಾಗ ನಾವೆಲ್ಲ ಕೈ ಬೀಸಿದೆವು. ಅವಳು ಅಜ್ಜನಿಗೆ ಕೈ ಬೀಸಿದಳು.

ಭಾವ ಅಷ್ಟು ದಿನಗಳ ಮೇಲೆ ನಮ್ಮ ನಡುವೆ ಬಂದು ನನ್ನ ಪಕ್ಕದಲ್ಲೇ ನಿಂತಿದ್ದರು. ಬಸ್ಸು ತಿರುವು ದಾಟುವವರೆಗೆ ನೋಡಿ, ಮಾವನ ಕಡೆ ಬಾಗಿದರು.

"ಏನೇ ಆಗ್ಲಿ ಅಪ್ಪ, ಕ್ಷೇತ್ರ ನಮಗೇ ಬಂತು. ನೀವು ಅವತ್ತು ಅಷ್ಟೊತ್ತು ನಿಂತು ಬೇಡಿಕೊಂಡಿದ್ದು ದೇವರಿಗೆ ಮುಟ್ಟಿದೆ."

ಮಾವ ಕಣ್ಣು ಮುಚ್ಚಿ ಆಮೆನ್ ಎಂದರು. ಅತ್ತೆ ಎಂದರು. ಮಹಡಿಯಿಂದ ಓರಗಿತ್ತಿಯೂ ಎಂದಳು. ನನ್ನ ಬಾಯಿಂದ ಅದು ಹೊರಡಲಿಲ್ಲ.